ಶೋರೂಮ್ ಬಿಟ್ಟು ಸ್ವಂತ ಗ್ಯಾರೇಜು: ಸಾಗರ ಸೀಮೆಯ ಒಬ್ಬ ಕಾರ್ ಮೆಕ್ಯಾನಿಕ್‌ನ ಪ್ರಕರಣ

ಶಿವಮೊಗ್ಗದ ಒಂದು ಕಾರ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಒಂಬತ್ತೂವರೆ ವರ್ಷಕ್ಕೂ ಹೆಚ್ಚು ಕಾಲ ದುಡಿದು, 2023ರ ಜನವರಿಯಲ್ಲಿ ಕೆಲಸ ಬಿಟ್ಟು, ಅದೇ ವರ್ಷದ ಆಯುಧಪೂಜೆಗೆ ಸಾಗರದ ಕಡೆ ಸ್ವಂತ ಗ್ಯಾರೇಜು ತೆರೆದ ಒಬ್ಬ ಮೆಕ್ಯಾನಿಕ್‌ನ ಪ್ರಕರಣ ಇದು. ನಾನು ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡಿಗೆ ಪಾಠ ಹೇಳುವವನು, ಅವನು ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರು, ಊರು, ಶೋರೂಮಿನ ಗುರುತು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಲೆಕ್ಕಗಳನ್ನು ಮಾತ್ರ ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಬರೆಯಲು ಕಾರಣವಿದೆ. ಶೋರೂಮ್ ಸೇರಿದ ನಮ್ಮ ಹುಡುಗರು ನಾಲ್ಕೈದು ವರ್ಷ ಕಳೆಯುತ್ತಿದ್ದಂತೆ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: ಇಲ್ಲೇ ಇರಲೋ, ಬಿಟ್ಟು ಸ್ವಂತದ್ದು ಹಾಕಲೋ? ಈ ಮಾತು ನಡೆಯುವಾಗ ಒಂದು ತಕ್ಕಡಿಯಲ್ಲಿ ಸಂಬಳ, ಇನ್ನೊಂದರಲ್ಲಿ ಗ್ಯಾರೇಜಿನ ಗಳಿಕೆ ಇಟ್ಟು ತೂಗುತ್ತಾರೆ. ಆ ತೂಕ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಂಬಳದ ಜೊತೆಗೆ ಶೋರೂಮು ಏನೇನನ್ನು ಹೊರುತ್ತದೆ, ಹೊರಗೆ ಬಂದ ಮೇಲೆ ಅದನ್ನೆಲ್ಲ ಯಾರ ಜೇಬಿನಿಂದ ತರಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಇಳಿಸಬೇಕು.

ಅವನು ಬಂದಾಗಿನ ಸ್ಥಿತಿ

2012ರಲ್ಲಿ ಐಟಿಐ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಮಾಡಿ, 2013ರ ಜೂನ್‌ನಲ್ಲಿ ಶೋರೂಮ್ ಸೇರಿದ. ಮೊದಲೆರಡು ವರ್ಷ ಪೀರಿಯಾಡಿಕ್ ಸರ್ವಿಸ್ ಬೇಯಲ್ಲಿ (ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗ) ಆಯಿಲ್, ಫಿಲ್ಟರ್, ಬ್ರೇಕ್ ಕ್ಲೀನಿಂಗ್. ಆಮೇಲೆ ರನ್ನಿಂಗ್ ರಿಪೇರಿ, ಕ್ಲಚ್, ಸಸ್ಪೆನ್ಷನ್, ಕೊನೆಗೆ ಎಂಜಿನ್ ಕೆಲಸ. ಕಂಪನಿಯ ತರಬೇತಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಪಾಸು ಮಾಡಿಕೊಂಡು ಬಂದ. ಫ್ಲೋರಿನಲ್ಲಿ ಕಷ್ಟದ ಗಾಡಿ ಬಂದರೆ ಇವನ ಹತ್ತಿರವೇ ತಳ್ಳುವಷ್ಟು ಕೈ ಪಳಗಿತ್ತು.

2022ರ ಆಗಸ್ಟಿನಲ್ಲಿ ಬಂದು ಕೂತಾಗ ಅವನ ಮಾತು ಹೀಗಿತ್ತು: "ಸರ್, ಒಂದು ಕ್ಲಚ್ ಓವರಾಲಿಂಗ್‌ಗೆ ಲೇಬರ್ ಅಂತ ಐದು ಸಾವಿರ ಬಿಲ್ ಮಾಡ್ತಾರೆ. ಕೆಲಸ ಮಾಡೋನು ನಾನು. ನನಗೆ ಆ ದಿನಕ್ಕೆ ಬೀಳೋದು ಏಳ್ನೂರೈವತ್ತು. ಉಳಿದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

ಈ ಲೆಕ್ಕವನ್ನು ಪ್ರತಿಯೊಬ್ಬ ಮೆಕ್ಯಾನಿಕ್ಕೂ ಒಂದಲ್ಲ ಒಂದು ದಿನ ಹಾಕುತ್ತಾನೆ. ತಪ್ಪಿಲ್ಲ, ಹಾಕಲೇಬೇಕು. ಆದರೆ ಉಳಿದ ನಾಲ್ಕು ಸಾವಿರದ ಚಿಲ್ಲರೆಯಲ್ಲಿ ಹೆದ್ದಾರಿ ಪಕ್ಕದ ಜಾಗದ ಬಾಡಿಗೆ, ಲಿಫ್ಟು, ಸ್ಪೆಷಲ್ ಟೂಲ್, ಸರ್ವಿಸ್ ಅಡ್ವೈಸರ್, ಬಿಡಿಭಾಗದ ಗೋದಾಮು, ತೊಳೆಯುವ ಹುಡುಗರು, ಕೆಲಸವಿಲ್ಲದ ದಿನದ ಸಂಬಳ, ರಿಟರ್ನ್ ಬಂದ ಗಾಡಿಯ ನಷ್ಟ ಎಲ್ಲವೂ ಕೂತಿರುತ್ತದೆ. ಮಾಲೀಕನ ಲಾಭವೂ ಇದೆ, ಇಲ್ಲ ಎನ್ನುವುದಿಲ್ಲ.

ಅವನ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು ಕೂತೆವು. ಒಟ್ಟು 19,500. ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 15,000. ಪಿಎಫ್‌ಗೆ ಶೇ 12ರಂತೆ 1,800, ಇಎಸ್‌ಐಗೆ (ನೌಕರರ ಸರ್ಕಾರಿ ವಿಮೆ) ಶೇ 0.75ರಂತೆ 147, ವೃತ್ತಿ ತೆರಿಗೆ 200 ಕಳೆದು ಕೈಗೆ 17,353. ಮೂರು ತಿಂಗಳಿಗೊಮ್ಮೆ ಬರುವ ಇನ್ಸೆಂಟಿವ್ ಹಂಚಿದರೆ ತಿಂಗಳಿಗೆ ಸುಮಾರು 3,000.

ಚೀಟಿಯ ಕೆಳಗೆ ಅವನು ಎಂದೂ ನೋಡದ ಭಾಗವಿತ್ತು. ಮಾಲೀಕರ ಪಾಲಿನ ಪಿಎಫ್ 1,800. ಮಾಲೀಕರ ಪಾಲಿನ ಇಎಸ್‌ಐ ಶೇ 3.25, ಅಂದರೆ 634. ಚೀಟಿಯಲ್ಲಿ ಕಾಣದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು, ಬೇರೆ: ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನವೆಂದು ಹಿಡಿದು ಭಾಗಿಸಿದರೆ ವರ್ಷಕ್ಕೆ 8,654, ತಿಂಗಳಿಗೆ 721. ಮೂರೂ ಕೂಡಿದರೆ 3,155 ರೂಪಾಯಿ. ಇದನ್ನೂ ಇನ್ಸೆಂಟಿವನ್ನೂ ಸೇರಿಸಿದರೆ ಅವನ ನಿಜವಾದ ದುಡಿಮೆಯ ಬೆಲೆ ತಿಂಗಳಿಗೆ ಸುಮಾರು 25,600. ದೀಪಾವಳಿ ಬೋನಸ್, ಸಂಬಳ ಸಹಿತ ರಜೆ ಬೇರೆ. ಸ್ವಂತ ಗ್ಯಾರೇಜು ಕನಿಷ್ಠ ಇಷ್ಟನ್ನಾದರೂ ಎಲ್ಲ ಖರ್ಚು ಕಳೆದ ಮೇಲೆ ಉಳಿಸಿಕೊಡಬೇಕು. ಕೈಗೆ ಬರುವ ಹದಿನೇಳು ಸಾವಿರಕ್ಕೆ ಹೋಲಿಸಿ ಖುಷಿಪಟ್ಟರೆ ಅದು ಮೋಸದ ಖುಷಿ.

ಬಿಡುವ ತಾರೀಕೂ ಲೆಕ್ಕಕ್ಕೆ ಬರುತ್ತದೆ

ಸಿಟ್ಟು ಬಂದ ದಿನ ರಾಜೀನಾಮೆ ಬರೆದುಕೊಟ್ಟು ಬರುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಇವನಿಗೆ ಆಗ ಒಂಬತ್ತು ವರ್ಷ ಎರಡು ತಿಂಗಳ ಸರ್ವಿಸ್ ಆಗಿತ್ತು. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಮೇಲ್ಪಟ್ಟ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯುತ್ತಾರೆ. ಹಾಗಾಗಿ ಒಂಬತ್ತೂವರೆ ವರ್ಷ ದಾಟಿದರೆ ಸಾಕು. ಗ್ರಾಚ್ಯುಟಿಯಲ್ಲೂ ಆರು ತಿಂಗಳು ಮೀರಿದ ಭಾಗ ಇಡೀ ವರ್ಷವಾಗುತ್ತದೆ. "ಇನ್ನು ನಾಲ್ಕೈದು ತಿಂಗಳು ಹಲ್ಲು ಕಚ್ಚಿಕೊಂಡು ಇರು ಮಾರಾಯ" ಎಂದೆ.

ಇದ್ದ. 2023ರ ಜನವರಿಯಲ್ಲಿ ಬಿಟ್ಟಾಗ ಹತ್ತು ವರ್ಷದ ಲೆಕ್ಕದಲ್ಲಿ 86,538 ರೂಪಾಯಿ ಗ್ರಾಚ್ಯುಟಿ ಬಂತು. ಪಿಂಚಣಿ ಭಾಗವನ್ನು ಮುಟ್ಟದೆ ಸೇವಾವರ್ಷವನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿಕೊಂಡ. ಪಿಂಚಣಿಗೆ ಹಿಡಿಯುವ ಸರಾಸರಿ ಸಂಬಳ 15,000 ಎಂದಿಟ್ಟುಕೊಂಡರೂ, ಅದನ್ನು ಸೇವಾವರ್ಷ ಹತ್ತರಿಂದ ಗುಣಿಸಿ 70ರಿಂದ ಭಾಗಿಸಿದಾಗ 58ರ ವಯಸ್ಸಿನಿಂದ ಬರುವುದು ತಿಂಗಳಿಗೆ 2,143 ಮಾತ್ರ. ದೊಡ್ಡ ಮೊತ್ತವಲ್ಲ. ಆದರೆ ಗ್ಯಾರೇಜು ನಡೆಸುವವನಿಗೆ ತಾನಾಗಿ ಬರುವ ಬೇರೆ ಪಿಂಚಣಿ ಇಲ್ಲ. ಐದು ತಿಂಗಳ ತಾಳ್ಮೆಗೆ ಸಾಯುವವರೆಗೆ ಬರುವ ಹಣ ಅದು.

ಬಿಚ್ಚಿ ಹಾಕುವುದು ಬೇರೆ, ರಿಪೇರಿ ಬೇರೆ

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಭಾಗ ಇದು.

ಮಲೆನಾಡಿನಲ್ಲಿ ಮಳೆ ಹಿಡಿದರೆ ಇಲಿ, ಹೆಗ್ಗಣ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಸೇರುತ್ತವೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಚೆಕ್ ಎಂಜಿನ್ ಲೈಟ್ ಉರಿಯುತ್ತದೆ. ಅವನಿದ್ದ ಶೋರೂಮಿನಲ್ಲಿ ಇದಕ್ಕೆ ಪರಿಹಾರ ವೈರಿಂಗ್ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಪೂರ್ತಿ ಬದಲಾವಣೆ. ವೈರ್ ಕೂಡಿಸಿದ ಕೆಲಸಕ್ಕೆ ಕಂಪನಿ ಗ್ಯಾರಂಟಿ ಕೊಡಲಾಗುವುದಿಲ್ಲ, ನಾಳೆ ಶಾರ್ಟ್ ಆದರೆ ಹೊಣೆ ಅವರದ್ದೇ. ಆದ್ದರಿಂದ ಆ ನಿಯಮಕ್ಕೆ ಅರ್ಥವಿದೆ. ಆದರೆ ಎಂಟು ವರ್ಷದ ಹಳೆಯ ಸಣ್ಣ ಕಾರಿಟ್ಟುಕೊಂಡ ಶಾಲಾ ಮೇಷ್ಟ್ರಿಗೆ ಹತ್ತಾರು ಸಾವಿರದ ಹಾರ್ನೆಸ್ ಹಾಕಿಸುವ ಶಕ್ತಿ ಇರುವುದಿಲ್ಲ. ಅವರಿಗೆ ಬೇಕಾದವನು ವೈರಿಂಗ್ ಡಯಾಗ್ರಾಮ್ ಓದಿ, ಕಡಿದ ನಾಲ್ಕು ವೈರ್ ಪತ್ತೆ ಮಾಡಿ, ಅದೇ ದಪ್ಪದ ವೈರಿನಿಂದ ಬೆಸುಗೆ ಹಾಕಿ, ಮೇಲೆ ಶ್ರಿಂಕ್ ಸ್ಲೀವ್ ಹಾಕಿ, ನೀರು ಇಳಿಯದಂತೆ ಸುತ್ತಿ ಕೊಡುವವನು.

ಆಲ್ಟರ್ನೇಟರ್ ಸದ್ದು ಮಾಡಿದರೆ ಶೋರೂಮಿನಲ್ಲಿ ಅಸೆಂಬ್ಲಿಯೇ ಬದಲು. ಹೊರಗೆ ಬೇರಿಂಗ್, ಕಾರ್ಬನ್ ಬ್ರಷ್, ರೆಗ್ಯುಲೇಟರ್ ನೋಡುತ್ತಾರೆ. ಸ್ಟಾರ್ಟರ್ ಮೋಟಾರ್, ಡೋರ್ ಲಾಕ್, ಪವರ್ ವಿಂಡೋ, ರೇಡಿಯೇಟರ್ ಎಲ್ಲಕ್ಕೂ ಇದೇ ಮಾತು. ಸ್ವಂತ ಗ್ಯಾರೇಜಿಗೆ ಬರುವ ಗಾಡಿ ಬಹುಪಾಲು ಐದು ವರ್ಷ ದಾಟಿದ್ದು. ವಾರಂಟಿ, ಎಕ್ಸ್‌ಟೆಂಡೆಡ್ ವಾರಂಟಿ ಇರುವವರೆಗೆ ಜನ ಶೋರೂಮ್ ಬಿಡುವುದಿಲ್ಲ. ಅಂದರೆ ಅವನ ಗಿರಾಕಿ ಬರುವುದೇ ರಿಪೇರಿಗೆ, ಬದಲಾವಣೆಗಲ್ಲ. ಇವನಿಗೆ ಗೊತ್ತಿದ್ದದ್ದು ಬದಲಾವಣೆ.

ಅದನ್ನು ಅವನ ಮುಖಕ್ಕೇ ಹೇಳಿದೆ. ಬೇಜಾರು ಮಾಡಿಕೊಂಡ, ಆದರೆ ಒಪ್ಪಿದ. ಕೆಲಸ ಬಿಟ್ಟ ಮೇಲೆ ಎಂಟು ತಿಂಗಳು ಗ್ಯಾರೇಜು ತೆರೆಯಲಿಲ್ಲ. ಶಿವಮೊಗ್ಗದಲ್ಲೇ ಹಳೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ, ಆಮೇಲೆ ಎಲ್ಲ ಕಂಪನಿಯ ಗಾಡಿ ಮಾಡುವ ಒಂದು ಗ್ಯಾರೇಜಿನಲ್ಲಿ, ಅರ್ಧ ಸಂಬಳಕ್ಕೆ ಕೆಲಸ ಮಾಡಿದ. ಮನೆಯಲ್ಲಿ ಮಾತು ಕೇಳಬೇಕಾಯಿತು. ಹತ್ತು ವರ್ಷ ಅನುಭವದ ಮೆಕ್ಯಾನಿಕ್ಕು ಮತ್ತೆ ಹೆಲ್ಪರ್ ಥರ ಕೂರುವುದು ಸುಲಭವಲ್ಲ. ಅಲ್ಲಿ ಬೆಸುಗೆಗಿಂತ ಹೆಚ್ಚಾಗಿ ಕಲಿತದ್ದು ಬೇರೆ: ಗಿರಾಕಿಗೆ ಖರ್ಚಿನ ಅಂದಾಜು ಹೇಳುವುದು, ಯಾವ ಪಾರ್ಟು ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾವುದನ್ನು ಲೇತಿಗೆ ಕೊಡಬೇಕು, ಯಾವುದನ್ನು ಡೀಸೆಲ್ ಪಂಪ್ ರಿಪೇರಿಯ ಲ್ಯಾಬಿಗೆ ಕಳಿಸಬೇಕು, ಯಾವ ಕೆಲಸ ಕೈಯಿಂದ ಆಗದು ಎಂದು ಬಾಗಿಲಲ್ಲೇ ಹೇಳಿ ಕಳಿಸಬೇಕು. ಶೋರೂಮಿನಲ್ಲಿ ಈ ಮಾತುಗಳೆಲ್ಲ ಗಾಜಿನ ಕೋಣೆಯಲ್ಲಿ ಮುಗಿದು, ಮೆಕ್ಯಾನಿಕ್ ಕೈಗೆ ಬರುವುದು ಜಾಬ್ ಕಾರ್ಡ್ ಮಾತ್ರ.

ಶೋರೂಮಿನಿಂದ ಅವನು ತಂದದ್ದೂ ಸಣ್ಣದಲ್ಲ. ಟಾರ್ಕ್ ವ್ರೆಂಚ್ ಇಲ್ಲದೆ ವೀಲ್ ನಟ್ ಬಿಗಿಯುವುದಿಲ್ಲ. ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಉಪಕರಣ) ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸುವುದಿಲ್ಲ, ಲೈವ್ ಡೇಟಾ ನೋಡಿ, ವೋಲ್ಟೇಜ್ ಅಳೆದು ತೀರ್ಮಾನಿಸುತ್ತಾನೆ. ಮತ್ತು ಅವನ ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಇದೆ, ಕಾರ್ಬನ್ ಪ್ರತಿ ಸಮೇತ. ಗಾಡಿ ಬಂದ ಕಿಲೋಮೀಟರ್, ಗಿರಾಕಿ ಹೇಳಿದ ದೂರು, ಅಂದಾಜು ಖರ್ಚು, ಸಹಿ. ತೆಗೆದ ಹಳೆಯ ಪಾರ್ಟನ್ನು ಡಿಕ್ಕಿಯಲ್ಲಿಟ್ಟು ಕೊಡುತ್ತಾನೆ. ಆ ಭಾಗದಲ್ಲಿ ಬೇರೆ ಯಾವ ಗ್ಯಾರೇಜಿನಲ್ಲೂ ಈ ಪದ್ಧತಿಯನ್ನು ನಾನು ನೋಡಿಲ್ಲ. ಅವನಿಗೆ ಗಿರಾಕಿ ಕೂಡಿಬಂದದ್ದು ಇದರಿಂದ ಎಂದು ನನಗೆ ಅನುಮಾನವೇ ಇಲ್ಲ.

ಬಂಡವಾಳ

ಗ್ರಾಚ್ಯುಟಿ 86,538. ಪಿಎಫ್‌ನಿಂದ ಸುಮಾರು 2.6 ಲಕ್ಷ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿ, ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ, ಅಂದರೆ 50,000ದಿಂದ 5 ಲಕ್ಷದವರೆಗಿನ ಸಾಲದಲ್ಲಿ, 4 ಲಕ್ಷ ತೆಗೆದ. ಅಡಮಾನ ಬೇಕಾಗಲಿಲ್ಲ. ಐದು ವರ್ಷಕ್ಕೆ ಕಂತು ಸುಮಾರು 8,700.

ಟೂ-ಪೋಸ್ಟ್ ಲಿಫ್ಟಿಗೆ ಅಡಿಪಾಯ ಸೇರಿ ಒಂದೂವರೆ ಲಕ್ಷ, ಕಂಪ್ರೆಸರ್ 40,000, ಸ್ಕ್ಯಾನರ್ 90,000, ಟೂಲ್ಸ್ 80,000, ಶೆಡ್ಡಿನ ಅಡ್ವಾನ್ಸ್ 1 ಲಕ್ಷ, ಮೆಸ್ಕಾಂ ತ್ರೀ-ಫೇಸ್ ಸಂಪರ್ಕ ಮತ್ತು ವೈರಿಂಗಿಗೆ 50,000. ಕೈಯಲ್ಲಿ ಉಳಿದದ್ದು 2.3 ಲಕ್ಷದ ಆಸುಪಾಸು. ವೀಲ್ ಅಲೈನ್‌ಮೆಂಟ್ ಮಷಿನ್ ತರುವ ಆಸೆ ಅವನಿಗೆ ಬಹಳ ಇತ್ತು. ಬೇಡವೆಂದು ಹಟ ಹಿಡಿದೆ. ಪೇಟೆಯಲ್ಲಿ ಅಲೈನ್‌ಮೆಂಟ್ ಮಾಡುವ ಟೈರ್ ಅಂಗಡಿಗಳಿದ್ದಾವೆ. ಯಂತ್ರಕ್ಕೆ ಸುರಿದ ಹಣ ಮತ್ತೆ ಪಾರ್ಟ್ಸ್ ತರಲು ಸಿಗುವುದಿಲ್ಲ.

ತಿಂಗಳ ಖರ್ಚು: ಬಾಡಿಗೆ 8,000, ಕರೆಂಟು 2,000, ಐಟಿಐ ಮುಗಿಸಿದ ಒಬ್ಬ ಹುಡುಗನಿಗೆ 10,000, ಸಾಲದ ಕಂತು 8,700, ಚಿಲ್ಲರೆ 3,000. ಒಟ್ಟು 31,700. ಇದಕ್ಕೆ ಮೇಲಿನ 25,600 ಸೇರಿಸಿದರೆ 57,300. ತಿಂಗಳಿಗೆ 25 ದಿನ ಕೆಲಸವೆಂದರೆ ದಿನಕ್ಕೆ 2,300 ರೂಪಾಯಿ ಲೇಬರ್ ಹುಟ್ಟಬೇಕು. ಅದು ಹುಟ್ಟಿದ ದಿನ ಅವನು ಶೋರೂಮಿನ ಮೆಕ್ಯಾನಿಕ್‌ಗೆ ಸಮ, ಅಷ್ಟೇ. ಶೋರೂಮಿನ ಐದು ಸಾವಿರದ ಕ್ಲಚ್ ಕೆಲಸಕ್ಕೆ ಇಲ್ಲಿ 2,500 ಸಿಗುತ್ತದೆ ಎಂಬುದನ್ನೂ ನೆನಪಿಡಬೇಕು.

ಮೊದಲ ವರ್ಷ

ಮೊದಲ ನಾಲ್ಕು ತಿಂಗಳು ಲೇಬರ್ ತಿಂಗಳಿಗೆ 30,000 ದಾಟಲಿಲ್ಲ. ಗಾಡಿ ಬರಲಿಲ್ಲವೆಂದಲ್ಲ. ಬಂದ ಗಾಡಿಗೆ ಕೈ ಹಾಕುವ ಹೊತ್ತೇ ಸಾಲುತ್ತಿರಲಿಲ್ಲ. ಶೋರೂಮಿನಲ್ಲಿ ಪಾರ್ಟ್ಸ್ ಕೌಂಟರಿಗೆ ಹೋಗಿ ಬಂದರೆ ಮುಗಿಯಿತು. ಇಲ್ಲಿ ಬೆಳಿಗ್ಗೆ ಬ್ರೇಕ್ ಪ್ಯಾಡಿಗೆ ಆಟೊಮೊಬೈಲ್ ಅಂಗಡಿಗೆ ಫೋನು, ಅಲ್ಲಿ ಇಲ್ಲದಿದ್ದರೆ ಶಿವಮೊಗ್ಗದಿಂದ ಬಸ್ಸಿಗೆ ಹಾಕಿಸುವುದು, ಬಸ್ ಸ್ಟ್ಯಾಂಡಿಗೆ ಹೋಗಿ ತರುವುದು, ಬಂದ ಪಾರ್ಟು ಬೇರೆ ಮಾಡೆಲ್ಲಿನದಾದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತೂ ಲಿಫ್ಟಿನ ಮೇಲೆ ಗಾಡಿ ನಿಂತೇ ಇರುತ್ತದೆ. ದಿನದ ಅರ್ಧ ಹೊತ್ತು ಸ್ಪ್ಯಾನರ್ ಹಿಡಿಯಲಾಗದೆ ಹೋಗುತ್ತಿತ್ತು.

ಒಂದು ಕ್ಲಚ್ ಕೆಲಸ ಅವನಿಗೆ ಚೆನ್ನಾಗಿ ಪಾಠ ಕಲಿಸಿತು. ಪಿಕಪ್ ಗಾಡಿ, ಡ್ರೈವರ್ ದುಡ್ಡಿಲ್ಲ ಎಂದದ್ದಕ್ಕೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮಾತ್ರ ಹಾಕಿದ. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಸ್ವಲ್ಪ ಜಿನುಗುತ್ತಿದ್ದದ್ದನ್ನು ನೋಡಿಯೂ ಬಿಟ್ಟ. ಮೂರು ವಾರಕ್ಕೆ ಘಾಟಿಯಲ್ಲಿ ಕ್ಲಚ್ ಸ್ಲಿಪ್. ಬಿಚ್ಚಿದರೆ ಪ್ಲೇಟ್ ಮೇಲೆಲ್ಲ ಆಯಿಲ್. ಗೇರ್‌ಬಾಕ್ಸ್ ಮತ್ತೆ ಇಳಿಸಿ, ಪ್ಲೇಟ್ ತನ್ನ ಖರ್ಚಿನಲ್ಲೇ ತಂದು, ಸೀಲ್ ಹಾಕಿ ಕೊಟ್ಟ. ಶೋರೂಮಿನಲ್ಲಾದರೆ ಇದು ರಿಪೀಟ್ ಜಾಬ್ ಎಂದು ಒಂದು ಪಟ್ಟಿಯಲ್ಲಿ ಸೇರುತ್ತಿತ್ತು, ಬೈಗುಳವೂ ಬೀಳುತ್ತಿತ್ತು. ದುಡ್ಡು ಮಾತ್ರ ಅವನ ಜೇಬಿನಿಂದ ಹೋಗುತ್ತಿರಲಿಲ್ಲ. ಈಗ ಅವನು ಗೇರ್‌ಬಾಕ್ಸ್ ಇಳಿಸಿದ ಮೇಲೆ ಸೀಲ್ ಹಾಕಲೇಬೇಕೆನ್ನುತ್ತಾನೆ. ಗಿರಾಕಿ ಒಪ್ಪದಿದ್ದರೆ ಜಾಬ್ ಕಾರ್ಡಿನಲ್ಲಿ ಹಾಗೆಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾನೆ.

ಇನ್ನೊಂದು: ಫ್ಯಾನ್ ಬೆಲ್ಟಿಗೆ ಸಿಕ್ಕಿ ಬೆರಳಿಗೆ ಪೆಟ್ಟಾಯಿತು, ಎರಡು ವಾರ ಬಾಗಿಲು ಹಾಕಿತು. ಇಎಸ್‌ಐ ಇದ್ದಿದ್ದರೆ ಕೆಲಸದ ಮೇಲಾದ ಗಾಯಕ್ಕೆ ಚಿಕಿತ್ಸೆಯ ಜೊತೆ ಸಂಬಳದ ಶೇ 90ರಷ್ಟು ಭತ್ಯೆ ಬರುತ್ತಿತ್ತು. ಇಲ್ಲಿ ಆದಾಯ ಸೊನ್ನೆ, ಬಾಡಿಗೆ ಮತ್ತು ಕಂತು ಮಾಮೂಲು. ಆಮೇಲೆ ಮನೆಯವರಿಗೆಲ್ಲ ಸೇರಿ ಆರೋಗ್ಯ ವಿಮೆ, ತನಗೊಂದು ಅಪಘಾತ ವಿಮೆ ಮಾಡಿಸಿದ. ಇದನ್ನು ಗ್ಯಾರೇಜು ತೆರೆಯುವ ಮೊದಲೇ ಮಾಡಿಸಬೇಕು. ಸಾಲದ ಅರ್ಜಿ ಬರೆಯುವ ದಿನವೇ ಇದೂ ಆಗಲಿ ಎಂದು ಈಗ ಪ್ರತಿ ಹುಡುಗನಿಗೂ ಹೇಳುತ್ತೇನೆ.

ಉದ್ರಿ

ಗ್ಯಾರೇಜನ್ನು ಮುಚ್ಚಿಸುವ ಹಂತಕ್ಕೆ ತಂದದ್ದು ಕೆಲಸವಲ್ಲ, ಉದ್ರಿ.

ಸಾಗರ ಸೀಮೆಯಲ್ಲಿ ದುಡ್ಡು ಓಡಾಡುವುದು ಅಡಿಕೆಯ ಹಿಂದೆ. ಕೊಯ್ಲು ಮಳೆಗಾಲ ಮುಗಿದ ಮೇಲೆ. ಬೇಯಿಸಿ, ಒಣಗಿಸಿ, ಅಡಿಕೆ ಮಾರಾಟ ಸಹಕಾರ ಸಂಘವಾದ ಮಾಮ್ಕೋಸಿಗೋ ಮಂಡಿಗೋ ಹಾಕಿ ಹಣ ಕೈಗೆ ಬರುವಾಗ ಬೇಸಿಗೆ ಹತ್ತಿರ. ಗಾಡಿ ಕೆಡುವುದು ಮಳೆಗಾಲದಲ್ಲಿ: ಬ್ರೇಕ್ ಜಾಮ್, ವೈಪರ್, ಕನೆಕ್ಟರಿಗೆ ನೀರು, ಇಲಿ ಕಡಿತ. ಕೆಲಸ ಜೂನ್‌ನಿಂದ ಸೆಪ್ಟೆಂಬರ್, ದುಡ್ಡು ಜನವರಿಯಿಂದ ಮುಂದೆ. "ಅಡಿಕೆ ಕೊಟ್ಟ ಮೇಲೆ ಕೊಡ್ತೀನೋ ತಮ್ಮಾ" ಎನ್ನುವವರು ಮೋಸಗಾರರಲ್ಲ, ಕೊಡುವವರೇ. ಆದರೆ ಆಟೊಮೊಬೈಲ್ ಅಂಗಡಿಯವರು ತಿಂಗಳಿಗೆ ಲೆಕ್ಕ ಕೇಳುತ್ತಾರೆ, ಬ್ಯಾಂಕು ತಾರೀಕಿಗೆ ಕೇಳುತ್ತದೆ. ಎಲೆಚುಕ್ಕೆ ರೋಗ ತಗುಲಿದ ತೋಟದವರ ಉದ್ರಿಯಂತೂ ಒಂದು ಸುಗ್ಗಿ ದಾಟಿ ಮುಂದಿನದಕ್ಕೆ ಹೋಗುತ್ತದೆ. ಅವರ ಹತ್ತಿರ ಕೇಳುವುದಕ್ಕೆ ಬಾಯಿ ಬರುವುದಿಲ್ಲ ಸರ್ ಎನ್ನುತ್ತಾನೆ, ಅದೂ ನಿಜ.

2024ರ ಸೆಪ್ಟೆಂಬರ್ ಕೊನೆಗೆ ಉದ್ರಿ 1.4 ಲಕ್ಷಕ್ಕೆ ಮುಟ್ಟಿತ್ತು. ಮೊದಲ ತಿಂಗಳುಗಳ ಮನೆಖರ್ಚಿಗೆ 60,000 ಕರಗಿತ್ತು. 2.3 ಲಕ್ಷದಲ್ಲಿ ಉಳಿದದ್ದು ಮೂವತ್ತು ಸಾವಿರ. ಒಂದು ದೊಡ್ಡ ಎಂಜಿನ್ ಕೆಲಸ ಬಂದರೆ ಪಾರ್ಟ್ಸ್ ತರಲು ಕೈಯಲ್ಲಿ ಕಾಸಿಲ್ಲ. ಉದ್ರಿಯಲ್ಲಿ ಬಹುಪಾಲು ಲೇಬರ್ ಅಲ್ಲ, ಪಾರ್ಟ್ಸು. ಲೇಬರ್ ನಿಂತರೆ ತನ್ನ ದುಡಿಮೆ ನಿಂತಂತೆ, ಪಾರ್ಟ್ಸ್ ನಿಂತರೆ ಸಾಲದ ಹಣ ನಿಂತಂತೆ.

ಪಾರ್ಟ್ಸ್ ಯಾರು ತರಬೇಕು ಎಂಬುದು ಸಣ್ಣ ಗ್ಯಾರೇಜಿನ ದೊಡ್ಡ ತೀರ್ಮಾನ. ಗ್ಯಾರೇಜಿನವನೇ ತಂದರೆ ಅಂಗಡಿಯವರು ಎಂಆರ್‌ಪಿ ಮೇಲೆ ಬಿಡುವ ಕಮಿಷನ್ ಅವನಿಗೆ. ಇವನಿಗೆ ಸರಾಸರಿ ಶೇ 12 ಸಿಗುತ್ತದೆ. ಪಾರ್ಟಿನ ಗುಣಮಟ್ಟವೂ ಅವನ ಹಿಡಿತದಲ್ಲಿರುತ್ತದೆ. ಕಂಪನಿಗಳಿಗೆ ಮಾಲು ಒದಗಿಸುವ ಬಾಷ್, ವ್ಯಾಲಿಯೋ, ಲುಮ್ಯಾಕ್ಸ್ ಥರದವರ ಪಾರ್ಟ್ಸು ಅವರದ್ದೇ ಪೆಟ್ಟಿಗೆಯಲ್ಲೂ ಮಾರುಕಟ್ಟೆಗೆ ಬರುತ್ತವೆ, ಬೆಲೆ ಕಡಿಮೆ, ಕೆಲಸ ಪಕ್ಕಾ. ಚೀಟಿ ಬರೆದುಕೊಟ್ಟು ಗಿರಾಕಿಯನ್ನೇ ಅಂಗಡಿಗೆ ಕಳಿಸಿದರೆ ಬಂಡವಾಳ ಸಿಕ್ಕಿಬೀಳುವುದಿಲ್ಲ, ಆದರೆ ಕಮಿಷನ್ ಹೋಯಿತು. ಗಿರಾಕಿ ಅಗ್ಗದ ಡೂಪ್ಲಿಕೇಟ್ ತಂದುಬಿಟ್ಟರೆ ಗಾಡಿ ವಾಪಸ್ ಬರುವುದು ಮೆಕ್ಯಾನಿಕ್ಕಿನ ಬಾಗಿಲಿಗೇ.

ನಾವು ಕೂತು ಮಾಡಿದ ಏರ್ಪಾಡು ಇದು: 2,000 ರೂಪಾಯಿ ಒಳಗಿನ ಪಾರ್ಟನ್ನು ಅವನೇ ಹಾಕುತ್ತಾನೆ. ಅದಕ್ಕಿಂತ ಹೆಚ್ಚಿನದಕ್ಕೆ ಪಾರ್ಟಿನ ಪೂರ್ತಿ ಹಣ ಮುಂಗಡ, ಇಲ್ಲವೇ ಗಿರಾಕಿ ನೇರವಾಗಿ ಅಂಗಡಿಗೆ ಕೊಡಬೇಕು. ಯಾವ ಕಂಪನಿಯ ಪಾರ್ಟು ಎಂಬುದನ್ನು ಚೀಟಿಯಲ್ಲಿ ಇವನು ಬರೆಯುತ್ತಾನೆ. ಉದ್ರಿ ಕೊಡುವುದಿದ್ದರೆ ಲೇಬರ್ ಮಾತ್ರ. ಹಳಬರಿಬ್ಬರು ಬೇಸರಪಟ್ಟು ಬೇರೆ ಕಡೆ ಹೋದರು. ಮುಂದಿನ ಮಾರ್ಚ್ ಹೊತ್ತಿಗೆ ಹಳೆಯ ಉದ್ರಿಯಲ್ಲಿ ಒಂದು ಲಕ್ಷ ವಸೂಲಾಯಿತು. ವಸೂಲಿ ಮಾಡಿದ್ದು ಅವನ ಹೆಂಡತಿ. ಪುಸ್ತಕ ನೋಡಿ, ಫೋನ್ ಮಾಡಿ, ನಯವಾಗಿ ಕೇಳುವ ಕೆಲಸ ಅವಳದ್ದು. ದಿನಕ್ಕೆ ಮೂರು ಗಂಟೆ ಅವಳು ಗ್ಯಾರೇಜಿಗಾಗಿ ದುಡಿಯುತ್ತಾಳೆ. ಅವಳಿಗೊಂದು ಸಂಬಳ ಬರೆಯದೆ ಲಾಭ ಲೆಕ್ಕ ಹಾಕಬೇಡ ಎಂದು ಅವನಿಗೆ ಹೇಳಿದ್ದೇನೆ, ಇನ್ನೂ ಬರೆದಿಲ್ಲ.

ಶೋರೂಮಿನ ಬೀಗ

2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸ್ವರೂಪ ಬದಲಾಯಿತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತಾನಾಗಿ ಸುಟ್ಟು ಶುದ್ಧವಾಗಬೇಕಾದರೆ ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಪೇಟೆ, ಪೇಟೆಯಿಂದ ತೋಟ ಎಂದು ಸೆಕೆಂಡ್ ಗೇರಿನಲ್ಲಿ ಓಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಫಿಲ್ಟರ್ ಕಟ್ಟಿ ಎಂಜಿನ್ ಎಳೆಯುವುದನ್ನೇ ನಿಲ್ಲಿಸುತ್ತದೆ. ಸ್ಕ್ಯಾನರಿನಿಂದ ಆ ಸುಡುವ ಕೆಲಸ (ರೀಜನರೇಷನ್) ಮಾಡಿಸಬೇಕು. ಇಂಜೆಕ್ಟರ್ ಬದಲಿಸಿದರೆ ಅದರ ಕೋಡನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಬರೆಯಬೇಕು. ಅವನ ಸ್ಕ್ಯಾನರ್ ಇವೆರಡನ್ನೂ ಆ ಭಾಗದಲ್ಲಿ ಹೆಚ್ಚಾಗಿ ಓಡುವ ಗಾಡಿಗಳಿಗೆ ಮಾಡುತ್ತದೆ. ಹಳೆಯ ಗ್ಯಾರೇಜುಗಳಿಂದ ಅವನ ಹತ್ತಿರ ಕೆಲಸ ಬರುವುದು ಇದಕ್ಕೇ. ಕೀ ಪ್ರೋಗ್ರಾಮಿಂಗ್, ಸಾಫ್ಟ್‌ವೇರ್ ಅಪ್‌ಡೇಟ್ ಮಾತ್ರ ಅವನ ಸ್ಕ್ಯಾನರಿನಿಂದ ಆಗುವುದಿಲ್ಲ. ಅವನ್ನು ತಾನೇ ಶೋರೂಮಿಗೆ ಕಳಿಸುತ್ತಾನೆ.

ಈ ಬೀಗದ ಬಗ್ಗೆ ದೇಶದಲ್ಲಿ ದೊಡ್ಡ ತೀರ್ಪೇ ಬಂದಿತ್ತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ ಶಂಶೇರ್ ಕಟಾರಿಯಾ ಅವರ ದೂರಿನ ಮೇಲೆ 14 ಕಾರ್ ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ಡಯಾಗ್ನೋಸ್ಟಿಕ್ ಉಪಕರಣ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಎನ್ನುವಂತಿಲ್ಲ ಎಂದು ಹೇಳಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು. ನೆಲದ ಮೇಲೆ ನೋಡಿದರೆ ಪಾರ್ಟ್ಸ್ ಇಂದು ಮೊದಲಿಗಿಂತ ಸಲೀಸಾಗಿ ಸಿಗುತ್ತವೆ, ರಿಪೇರಿ ಕೈಪಿಡಿ ಮತ್ತು ಸಾಫ್ಟ್‌ವೇರ್ ಸಿಗುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಭಾವನೆ. ಗಾಡಿ ಕೊಂಡವನಿಗೆ ಅದನ್ನು ಎಲ್ಲಿ ಬೇಕಾದರೂ ರಿಪೇರಿ ಮಾಡಿಸುವ ಹಕ್ಕು ಇರಬೇಕಾದರೆ, ರಿಪೇರಿ ಮಾಡುವವನಿಗೆ ಮಾಹಿತಿ ಸಿಗಲೇಬೇಕು.

ಈಗಿನ ಲೆಕ್ಕ

ಎರಡನೇ ವರ್ಷದಲ್ಲಿ ಲೇಬರ್ ಸರಾಸರಿ ತಿಂಗಳಿಗೆ 58,000, ಪಾರ್ಟ್ಸ್ ಕಮಿಷನ್ 9,000. ಹುಡುಗನ ಸಂಬಳ ಏರಿಸಿದ್ದರಿಂದ ಖರ್ಚು 34,000. ಉಳಿದದ್ದು 33,000. ಶೋರೂಮಿನಲ್ಲೇ ಇದ್ದಿದ್ದರೆ ಈ ಹೊತ್ತಿಗೆ ಸಂಬಳ ಏರಿ, ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 29,000ದ ಹತ್ತಿರ ಇರುತ್ತಿತ್ತು. ವ್ಯತ್ಯಾಸ ನಾಲ್ಕು ಸಾವಿರ, ಹೆಂಡತಿಯ ದುಡಿಮೆಯನ್ನು ಬಿಟ್ಟಿ ಎಂದು ಹಿಡಿದರೆ. ಇಷ್ಟಕ್ಕಾಗಿ ಇಷ್ಟೆಲ್ಲ ಬೇಕಿತ್ತೇ ಎಂದು ಕೇಳುವವರಿಗೆ ಎರಡು ಅಂಶ ತೋರಿಸುತ್ತೇನೆ. 2028ರಲ್ಲಿ ಸಾಲ ತೀರಿದ ಮೇಲೆ ಕಂತಿನ 8,700 ಅವನದ್ದೇ ಆಗುತ್ತದೆ. ಸಂಜೆ ಏಳಕ್ಕೆ ಅವನು ಮನೆಯಲ್ಲಿರುತ್ತಾನೆ. ಶಿವಮೊಗ್ಗದ ಬಾಡಿಗೆ ಕೋಣೆಯಲ್ಲಿದ್ದಾಗ ಮಗಳನ್ನು ನೋಡುತ್ತಿದ್ದದ್ದು ಭಾನುವಾರ ಮಾತ್ರ.

ಅವನ ಬ್ಯಾಚಿನ ಇನ್ನೊಬ್ಬ ಅದೇ ಶೋರೂಮಿನಲ್ಲಿ ಉಳಿದು ಎಲೆಕ್ಟ್ರಿಕ್ ಗಾಡಿಗಳ ಹೈ-ವೋಲ್ಟೇಜ್ ತರಬೇತಿ ಪಡೆದಿದ್ದಾನೆ. ಆ ತರಬೇತಿ ಹೊರಗಿನ ಮೆಕ್ಯಾನಿಕ್‌ಗೆ ಸುಲಭವಾಗಿ ಸಿಗುವಂಥದ್ದಲ್ಲ. ಉಳಿದವನದ್ದು ತಪ್ಪು ಆಯ್ಕೆ ಎಂದು ನಾನು ಹೇಳಲಾರೆ.

ಸದ್ಯ ಇವನ ಮುಂದಿರುವುದು ಜಿಎಸ್‌ಟಿ. ಸೇವೆಯೂ ಸೇರಿದ ವ್ಯವಹಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಲೇಬರ್ ಏಳು ಲಕ್ಷ, ಅವನೇ ತಂದು ಹಾಕುವ ಪಾರ್ಟ್ಸ್ ಒಂಬತ್ತು ಲಕ್ಷ, ಒಟ್ಟು 16 ಲಕ್ಷಕ್ಕೆ ಬಂದಿದ್ದಾನೆ. ಗಿರಾಕಿ ನೇರವಾಗಿ ಕೊಂಡ ಪಾರ್ಟ್ಸ್ ಇದರಲ್ಲಿ ಸೇರುವುದಿಲ್ಲ. ನೋಂದಣಿ ಆದರೆ 2,500ರ ಕ್ಲಚ್ ಲೇಬರ್ ಶೇ 18 ತೆರಿಗೆ ಸೇರಿ 2,950 ಆಗುತ್ತದೆ; ಮನೆಬಳಕೆಯ ಕಾರಿನವರಿಗೆ ಅದು ಹೊರೆ. ಇತ್ತ ಪಿಕಪ್ ಇಟ್ಟುಕೊಂಡಿರುವ ಇಬ್ಬರು ವ್ಯಾಪಾರಿಗಳು ಜಿಎಸ್‌ಟಿ ಬಿಲ್ ಕೊಟ್ಟರೆ ತಮ್ಮ ಎಲ್ಲ ಗಾಡಿ ಇಲ್ಲಿಗೇ ತರುತ್ತೇವೆ ಎಂದಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಪಾರ್ಟ್ಸ್ ಬೆಲೆಯೂ ಸ್ವಲ್ಪ ತಗ್ಗಿದೆ. ನನ್ನ ಸಲಹೆ ನೋಂದಣಿ ಮಾಡಿಸು ಎಂದೇ. ಅವನ ಹೆಂಡತಿ ಮೊದಲು ಒಂದು ಮಳೆಗಾಲದ ಬಿಲ್ಲುಗಳನ್ನು ಎರಡೂ ರೀತಿಯಲ್ಲಿ ಬರೆದು ನೋಡುತ್ತೇನೆ ಎಂದಿದ್ದಾಳೆ. ಎರಡನೇ ಲಿಫ್ಟಿನ ಮಾತು ಅದಾದ ಮೇಲೆ.